ವಾಹನಬಾಳಿಕೆ ಮೀಮಾಂಸೆ

ಕಾರು ಕೊಳ್ಳುವಾಗ ಅದರ ದೀರ್ಘಕಾಲದ ಬಾಳಿಕೆಗೆ ಎಷ್ಟು ತೂಕ ಕೊಡಬೇಕೆಂಬ ಪ್ರಶ್ನೆಯನ್ನು ಕರ್ನಾಟಕದ ಮಧ್ಯಮವರ್ಗದ ಮನೆಗಳು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದರೂ, ಆ ಚರ್ಚೆ ಊಟದ ಎಲೆಯ ಮುಂದೆ ಆರಂಭವಾಗಿ ಕೈ ತೊಳೆಯುವ ಹೊತ್ತಿಗೆ ಮೈಲೇಜಿನ ಕಡೆಗೆ ಹೊರಳಿಬಿಡುವುದರಿಂದ, ವಿಷಯಕ್ಕೆ ಶಾಸ್ತ್ರದ ಸ್ಥಾನಮಾನ ಇನ್ನೂ ದೊರೆತಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಉದ್ದೇಶ. ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧಚತುಷ್ಟಯ ಇರಲೇಬೇಕೆಂಬುದು, ಅಂದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆಯಾದ್ದರಿಂದ ಅದನ್ನಿಲ್ಲಿ ಪಾಲಿಸಲಾಗಿದೆ. ವಿಷಯವು ಬಾಳಿಕೆ, ಪ್ರಯೋಜನವು ನಡುರಸ್ತೆಯಲ್ಲಿ ಗಾಡಿ ತಳ್ಳುವ ಪ್ರಸಂಗ ತಪ್ಪುವುದು, ಸಂಬಂಧವು ಸಾಲ ಕೊಟ್ಟ ಬ್ಯಾಂಕನ್ನೂ ಸಾಲಗಾರನನ್ನೂ ಏಳು ವರ್ಷದವರೆಗೆ ಬೆಸೆದಿಡುವಂಥದ್ದು. ಅಧಿಕಾರಿ, ಎಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು ಯಾರೆಂಬುದರಲ್ಲಿ ಮಾತ್ರ ತೊಡಕಿದೆ. ಕಾರು ಕೊಳ್ಳುವವನೇ ಅಧಿಕಾರಿಯೆಂದು ಮೇಲ್ನೋಟಕ್ಕೆ ತೋರುತ್ತದೆ. ಅದು ಭ್ರಾಂತಿಯೆಂಬುದು ಮುಂದೆ ಸಿದ್ಧವಾಗಲಿದೆ.

ಮೊದಲು ‘ದೀರ್ಘಕಾಲ’ವೆಂದರೆ ಎಷ್ಟು ಕಾಲ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು, ಈ ಬಗ್ಗೆ ಆಚಾರ್ಯರಲ್ಲಿ ಒಮ್ಮತವಿಲ್ಲ. ಅಮೆರಿಕದ ಜೆ. ಡಿ. ಪವರ್ ಸಂಸ್ಥೆಯ ಹೆಸರಾಂತ ವಾಹನ ವಿಶ್ವಾಸಾರ್ಹತಾ ಅಧ್ಯಯನವು ಮೂರು ವರ್ಷ ಹಳೆಯದಾದ ಕಾರುಗಳ ಒಡೆಯರನ್ನು ವಿಚಾರಿಸಿ, ನೂರು ಕಾರಿಗೆ ಎಷ್ಟು ತೊಂದರೆಗಳೆಂದು ಎಣಿಸುತ್ತದೆಯಾದ್ದರಿಂದ, ಆ ಪಂಥದವರಿಗೆ ದೀರ್ಘಕಾಲವೆಂದರೆ ಮೂರು ವರ್ಷ, ಅದರಾಚೆಯದು ಪುರಾಣ. ಭಾರತದ ವಿಮಾ ಪಂಥ ಇನ್ನೂ ನಿಷ್ಠುರವಾದುದು. ಕಾರು ಕಳುವಾದರೆ ಅಥವಾ ಪೂರ್ತಿ ನಜ್ಜುಗುಜ್ಜಾದರೆ ಕಂಪನಿ ಕೊಡಲು ಒಪ್ಪುವ ಮೊತ್ತಕ್ಕೆ ಐಡಿವಿ ಎಂದು ಹೆಸರು. ಅದು ಮೊದಲ ಆರು ತಿಂಗಳಿಗೆ ನೂರಕ್ಕೆ 5, ವರ್ಷ ತುಂಬುವುದರೊಳಗೆ 15, ಎರಡನೆಯ ವರ್ಷಕ್ಕೆ 20 ಎಂದು ಕರಗುತ್ತ ಹೋಗಿ ಐದನೆಯ ವರ್ಷಕ್ಕೆ ಸರಿಯಾಗಿ ಅರ್ಧವಾಗುತ್ತದೆ. ಅಲ್ಲಿಂದ ಮುಂದೆ ಮೌಲ್ಯವನ್ನು ಎರಡೂ ಕಡೆಯವರು ಮಾತಾಡಿ ಒಪ್ಪಿಕೊಳ್ಳಬೇಕೆಂದು ವಿಧಿಸಲಾಗಿದೆ, ಅಂದರೆ ಐದು ವರ್ಷದ ಕಾರಿನ ಅಸ್ತಿತ್ವವು ವ್ಯಾವಹಾರಿಕ ಸತ್ಯವೇ ಹೊರತು ಪಾರಮಾರ್ಥಿಕ ಸತ್ಯವಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ದೆಹಲಿಯ ರಸ್ತೆಗಳಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಕೂಡದೆಂದು ಆದೇಶಿಸಿದ ಮೇಲೆ, ಎಂಜಿನ್ ಗಟ್ಟಿಮುಟ್ಟಾಗಿದ್ದ ಎಷ್ಟೋ ಗಾಡಿಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ವಾನಪ್ರಸ್ಥಕ್ಕೆ ಹೊರಟವು. ಆದ್ದರಿಂದ ಬಾಳಿಕೆಯು ಲೋಹದ ಗುಣವಷ್ಟೇ ಅಲ್ಲ, ಅಕ್ಷಾಂಶ ರೇಖಾಂಶಗಳ ಗುಣವೂ ಹೌದು.

ಈ ಎಲ್ಲ ಪಂಥಗಳ ನಡುವೆ ಕಾರಿನ ದೀರ್ಘಾಯುಷ್ಯದಲ್ಲಿ ಅಚಲ ಶ್ರದ್ಧೆ ಇಟ್ಟಿರುವುದು ಕರ್ನಾಟಕದ ಸಾರಿಗೆ ಇಲಾಖೆಯೊಂದೇ. ಹತ್ತು ಲಕ್ಷ ದಾಟಿದ ಕಾರಿಗೆ ಬೆಲೆಯ ನೂರಕ್ಕೆ 17ರಷ್ಟು, ಇಪ್ಪತ್ತು ಲಕ್ಷ ದಾಟಿದುದಕ್ಕೆ 18ರಷ್ಟು ಜೀವಾವಧಿ ತೆರಿಗೆಯನ್ನು ಅದು ಮೊದಲ ದಿನವೇ, ಮೇಲೊಂದಿಷ್ಟು ಸೆಸ್ ಸಹಿತ ವಸೂಲು ಮಾಡಿಕೊಂಡುಬಿಡುತ್ತದೆ. ಅಪರಾಧ ಮಾಡಿದವನಿಗೂ ಜೀವಾವಧಿಯ ಶಿಕ್ಷೆಯನ್ನು ದಿನದಿನವೂ ಅನುಭವಿಸುವ ಅವಕಾಶವಿರುವಾಗ ಕಾರು ಕೊಂಡವನಿಗೆ ಆ ಸೌಲಭ್ಯವಿಲ್ಲ. ಜೀವಾವಧಿಯೆಂದರೆ ಹದಿನೈದು ವರ್ಷವೆಂದು ನೋಂದಣಿ ಪತ್ರದಿಂದ ತಿಳಿದುಬರುತ್ತದೆ. ಅನಂತರ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ಹೊಸದಾಗಿಸಬೇಕು. ಅದರ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿತಾದ್ದರಿಂದ, ಹದಿನಾರನೆಯ ವರ್ಷಕ್ಕೆ ಕಾಲಿಟ್ಟ ಕಾರು ಪುನರ್ಜನ್ಮ ಪಡೆಯುತ್ತದೆಂಬುದಕ್ಕೆ ರಸೀದಿಯ ಆಧಾರವೂ ಉಂಟು.

ಇನ್ನು ‘ವಿಶ್ವಾಸಾರ್ಹತೆ’ಯ ಲಕ್ಷಣ. ಎಂಜಿನಿಯರುಗಳ ಪ್ರಕಾರ, ಒಂದು ವಸ್ತು ಗೊತ್ತುಪಡಿಸಿದ ಪರಿಸ್ಥಿತಿಯಲ್ಲಿ, ಗೊತ್ತುಪಡಿಸಿದ ಅವಧಿಯವರೆಗೆ, ತನ್ನ ಕೆಲಸವನ್ನು ಕೆಡದೆ ಮಾಡುವ ಸಂಭವನೀಯತೆಯೇ ವಿಶ್ವಾಸಾರ್ಹತೆ. ಈ ಸೂತ್ರದಲ್ಲಿ ‘ಗೊತ್ತುಪಡಿಸಿದ ಪರಿಸ್ಥಿತಿ’ ಎಂಬ ಪದವೇ ಪ್ರಾಣ; ವ್ಯಾಖ್ಯಾನಕಾರರು ಬಹುತೇಕ ಹಾರಿಸಿಬಿಡುವುದೂ ಅದನ್ನೇ. ಕಾರನ್ನು ರೂಪಿಸಿದವರು ಯಾವ ಪರಿಸ್ಥಿತಿಯನ್ನು ಗೊತ್ತುಪಡಿಸಿದ್ದರೋ ಅದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರೂವರೆಗೆ ಕಾಣಸಿಗುವುದಿಲ್ಲ. ಅಲ್ಲಿ ಅರ್ಧ ಕ್ಲಚ್ ಒತ್ತಿಕೊಂಡು ಹತ್ತಡಿ ಮುಂದೆ ಸರಿದು ಮತ್ತೆ ನಿಲ್ಲುವ ಗಾಡಿಯ ಕ್ಲಚ್ ಪ್ಲೇಟು ಸವೆಯುವ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹೇಳುವುದಕ್ಕಿಂತ ಗಂಟೆಗಳಲ್ಲಿ ಹೇಳುವುದು ಶಾಸ್ತ್ರಸಮ್ಮತ. ಅದೇ ಗಾಡಿ ಮಂಗಳೂರಿಗೆ ವರ್ಗವಾದರೆ ಕ್ಲಚ್ಚಿಗೆ ನೆಮ್ಮದಿ, ಬಾಗಿಲಿನ ತಳಕ್ಕೆ ತುಕ್ಕು. ಕಲಬುರಗಿಗೆ ಹೋದರೆ ತುಕ್ಕಿನ ಭಯವಿಲ್ಲ, ಎಸಿಗೆ ಏಪ್ರಿಲ್ ತಿಂಗಳಿಡೀ ಅಗ್ನಿಪರೀಕ್ಷೆ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಇಂದಿನ ಡೀಸೆಲ್ ಕಾರುಗಳದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ತರುವಾಯ ಇವುಗಳ ಹೊಗೆಕೊಳವೆಯ ದಾರಿಯಲ್ಲಿ ಡಿಪಿಎಫ್ ಎಂಬ ಸೋಸುಗವೊಂದು ಕೂತಿದೆ. ಮಸಿಯ ಕಣಗಳನ್ನು ಹಿಡಿದಿಡುವುದು ಅದರ ಕೆಲಸ, ಹಿಡಿದಿಟ್ಟ ಮಸಿಯನ್ನು ಆಗಾಗ ಸುಟ್ಟುಕೊಂಡು ಶುದ್ಧವಾಗುವುದು ಅದರ ಆಹ್ನಿಕ. ಆ ಸುಡುವಿಕೆಗೆ ಸಾಕಷ್ಟು ಕಾವು ಬೇಕು, ಕಾವಿಗೆ ಒಂದೇ ಸಮನೆ ಸ್ವಲ್ಪ ಹೊತ್ತು ವೇಗವಾಗಿ ಓಡಬೇಕು. ಹುಬ್ಬಳ್ಳಿಗೂ ಬೆಂಗಳೂರಿಗೂ ಓಡಾಡುವ ಬಾಡಿಗೆ ಗಾಡಿಯಲ್ಲಿ ಇದು ತಾನಾಗಿ ನಡೆದುಹೋಗುತ್ತದೆ. ಜಯನಗರದ ಮನೆಯಿಂದ ನಾಲ್ಕು ಕಿಲೋಮೀಟರಿನ ಕಚೇರಿಗೆ ಹೋಗಿಬರುವ ಕಾರಿನಲ್ಲಿ ಮಸಿ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಳ್ಳುತ್ತದೆ, ಮತ್ತು ಒಡೆಯನು ಭಾನುವಾರ ಬೆಳಗ್ಗೆ ಯಾವ ಕೆಲಸವೂ ಇಲ್ಲದೆ ತುಮಕೂರು ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಬರಬೇಕಾಗುತ್ತದೆ. ಹೀಗೆ ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಹುಟ್ಟಿದ ಅವಳಿ ಕಾರುಗಳಲ್ಲಿ ಒಂದು ವಿಶ್ವಾಸಾರ್ಹವೂ ಇನ್ನೊಂದು ಅವಿಶ್ವಾಸಾರ್ಹವೂ ಆಗಬಹುದಾದ್ದರಿಂದ, ‘ಆ ಕಂಪನಿಯ ಗಾಡಿ ಗಟ್ಟಿ’ ಎಂಬ ವಾಕ್ಯವು ಅರ್ಧ ವಾಕ್ಯ.

ಕೆಡುವಿಕೆಯ ಕಾಲಕ್ರಮವನ್ನು ಕುರಿತೂ ಒಂದು ಮಾತು ಹೇಳಬೇಕು. ಯಂತ್ರಗಳು ಹೊಸದರಲ್ಲಿ ಹೆಚ್ಚು ಕೆಡುತ್ತವೆ, ನಡುಪ್ರಾಯದಲ್ಲಿ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು. ಇದನ್ನು ನಕ್ಷೆಯಾಗಿ ಬರೆದಾಗ ಎರಡು ಬದಿ ಎತ್ತರವಾಗಿ ನಡುವೆ ತಗ್ಗಾದ ಸ್ನಾನದ ತೊಟ್ಟಿಯ ಅಡ್ಡಸೀಳಿಕೆಯಂತೆ ಕಾಣುವುದರಿಂದ ತಜ್ಞರು ಅದನ್ನು ತೊಟ್ಟಿರೇಖೆ ಎಂದೇ ಕರೆಯುತ್ತಾರೆ. ತೊಟ್ಟಿಯ ಎಡಗೋಡೆಯ ಖರ್ಚನ್ನು ವಾರಂಟಿ ಎಂಬ ಹೆಸರಿನಲ್ಲಿ ಕಂಪನಿ ಹೊರುತ್ತದೆ, ತಗ್ಗಿನಲ್ಲಿ ಮೊದಲ ಒಡೆಯನು ಹಾಯಾಗಿ ಮಲಗಿರುತ್ತಾನೆ. ಬಲಗೋಡೆ ಏರತೊಡಗಿದಾಗ ತೊಟ್ಟಿಯಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಲಾಗಿದೆ.

ಬಾಳಿಕೆಯನ್ನು ಮುಂಚಿತವಾಗಿ ತಿಳಿಯುವ ಬಗೆಯೇ ಈ ಶಾಸ್ತ್ರದ ಹೃದಯಭಾಗ. ಯಾವುದೇ ಜ್ಞಾನಕ್ಕೆ ಪ್ರಮಾಣಗಳು ಬೇಕೆಂದು ನೈಯಾಯಿಕರೂ ಮೀಮಾಂಸಕರೂ ಹೇಳಿರುವುದು ಸರಿಯಷ್ಟೇ. ಅವರ ಕಾಲಕ್ಕೆ ಷೋರೂಮುಗಳಿರಲಿಲ್ಲವಾದರೂ ಅವರ ವಿಂಗಡಣೆ ಇಲ್ಲಿಗೆ ಹೊಲಿಸಿದಂತೆ ಹೊಂದುತ್ತದೆ. ಮೊದಲನೆಯದಾದ ಪ್ರತ್ಯಕ್ಷ ಪ್ರಮಾಣವೆಂದರೆ ಟೆಸ್ಟ್ ಡ್ರೈವು. ಪಕ್ಕದಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಕೂತು, ಎಡಕ್ಕೆ ತಿರುಗಿ ಎಡಕ್ಕೇ ತಿರುಗಿ ಮತ್ತೆ ಎಡಕ್ಕೆ ತಿರುಗಿ ಷೋರೂಮಿಗೇ ಮರಳುವಂಥ, ಹಳ್ಳದಿಣ್ಣೆಯಿಲ್ಲದ ದಾರಿಯಲ್ಲಿ ಹದಿನೈದು ನಿಮಿಷ ಗಾಡಿ ಓಡಿಸಿ, ಅದರಿಂದ ಹದಿನೈದು ವರ್ಷದ ಭವಿಷ್ಯವನ್ನು ಅರಿಯುವ ಈ ಕ್ರಮದಲ್ಲಿ, ಜ್ಯೋತಿಷಿಗಳು ಸಹ ಕೇಳುವ ಜನ್ಮಸಮಯ ಮುಂತಾದ ವಿವರಗಳನ್ನು ಯಾರೂ ಕೇಳುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಾಯಿಯವರು ‘ಕಾಲು ಚಾಚೋಕೆ ಜಾಗ ಐತೆ’ ಎಂದರೆ ಪ್ರತ್ಯಕ್ಷ ಪ್ರಮಾಣ ಪೂರ್ಣವಾದಂತೆ. ಕೊನೆಯಲ್ಲಿ ಬಾಗಿಲನ್ನು ಹಾಕಿ ‘ದಬ್’ ಎಂಬ ಸದ್ದನ್ನು ಆಲಿಸುವ ಒಂದು ಅಂಗಕ್ರಿಯೆಯಿದೆ. ಸದ್ದು ಗಂಭೀರವಾಗಿದ್ದರೆ ಗೇರ್‌ಬಾಕ್ಸು ಗಟ್ಟಿಯೆಂದು ತೀರ್ಮಾನಿಸುವ ಈ ರೂಢಿಯನ್ನು ತರ್ಕಶಾಸ್ತ್ರದಲ್ಲಿ ಹೇತ್ವಾಭಾಸವೆನ್ನುತ್ತಾರೆ, ಏಕೆಂದರೆ ಬಾಗಿಲಿನ ಸದ್ದನ್ನು ಬಾಗಿಲಿನ ರಬ್ಬರು, ಬೀಗಗಳಿಂದಲೇ ಹದಗೊಳಿಸಬಹುದೆಂದು ಕಾರು ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಅನುಮಾನ ಪ್ರಮಾಣದಲ್ಲಿ ಮಾತ್ರ ಗ್ಯಾರೇಜಿನವರನ್ನು ಮೀರಿಸುವವರಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಹೊಗೆಯ ಬಣ್ಣವನ್ನೇ ನೋಡಿ ಬೇನೆ ಹೇಳುವುದು ಅದರ ಮುಂದುವರಿದ ಶಾಖೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ, ಪಿಸ್ಟನ್ ರಿಂಗುಗಳು ಸವೆದಿವೆ. ಕಪ್ಪು ಬಂದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟು ಸಿಲಿಂಡರಿಗೆ ಸೇರುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದಲ್ಲದೆ ಅವರಲ್ಲೊಂದು ಪರೀಕ್ಷೆಯಿದೆ. ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ, ಆಯಿಲು ತುಂಬುವ ಬಾಯಿಯ ಮುಚ್ಚಳವನ್ನು ತಿರುಗಿಸಿ ತೆಗೆದು, ಅದನ್ನೇ ಮಗುಚಿ ಬಾಯಿಯ ಮೇಲೆ ಸುಮ್ಮನೆ ಇಟ್ಟು ಕೈ ಬಿಡುತ್ತಾರೆ. ಮುಚ್ಚಳ ಸಣ್ಣಗೆ ನಡುಗುತ್ತ ಕೂತಲ್ಲೇ ಕೂತರೆ ಎಂಜಿನ್ ಕ್ಷೇಮ. ಕುಣಿದು ಪಕ್ಕಕ್ಕೆ ಹಾರಿ ರೇಡಿಯೇಟರಿನ ಸಂದಿಗೆ ಬಿದ್ದರೆ, ಸವೆದ ರಿಂಗುಗಳ ಸಂದಿಯಿಂದ ಒತ್ತಡ ಕೆಳಗಿಳಿದು ಮೇಲೆ ನುಗ್ಗುತ್ತಿದೆ ಎಂದರ್ಥ. ಇದಕ್ಕೆ ‘ಬ್ಯಾಕ್ ಕಂಪ್ರೆಷನ್ ಹೊಡೀತಾ ಐತೆ ಸಾರ್, ಎಂಜಿನ್ ಇಳಿಸ್ಬೇಕಾಗ್ತದೆ’ ಎಂಬುದು ಪಾರಿಭಾಷಿಕ ವಾಕ್ಯ. ಉಪಕರಣವಾಗಿ ಮುಚ್ಚಳವೊಂದೇ ಬಳಕೆಯಾಗಿ, ಸಂಭಾವನೆಯಾಗಿ ಒಂದು ಚಹಾ ಸಲ್ಲುವ ಈ ಪರೀಕ್ಷೆಗಿಂತ ಮಿತವ್ಯಯದ ವೈಜ್ಞಾನಿಕ ಪ್ರಯೋಗ ಸಿಗುವುದು ಕಷ್ಟ.

ಉಪಮಾನ ಪ್ರಮಾಣವೆಂದರೆ ಷಡ್ಡಕನ ಕಾರು. ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡನು ಯಾವ ಕಾರು ಕೊಂಡಿರುವನೋ ಅದಕ್ಕೆ ಸದೃಶವಾದದ್ದು, ಆದರೆ ತುಸು ಮೇಲಿನದು, ಬಾಳಿಕೆ ಬರುತ್ತದೆ ಎಂಬುದು ಇದರ ಸ್ವರೂಪ. ಹೆಚ್ಚಿನ ವಿವರಣೆ ಬೇಕಿಲ್ಲ. ಶಬ್ದ ಪ್ರಮಾಣವು ಆಪ್ತವಾಕ್ಯ. ಆಪ್ತನೆಂದರೆ ಸುಳ್ಳು ಹೇಳಲು ಕಾರಣವಿಲ್ಲದವನು. ಈ ಲಕ್ಷಣದಿಂದ ಮಾರುವವನೂ, ಷೋರೂಮಿನವನೂ, ಈಚೆಗೆ ಅದೇ ಕಾರನ್ನು ಕೊಂಡು ತನ್ನ ಆಯ್ಕೆಯನ್ನು ಸಮರ್ಥಿಸಿಕೊಳ್ಳಬೇಕಾದ ಭಾವಮೈದುನನೂ ಹೊರಬಿದ್ದು, ಗಾಡಿ ಕೆಟ್ಟರೇ ಹೊಟ್ಟೆ ತುಂಬುವ ಮೆಕ್ಯಾನಿಕ್ಕನ್ನು ಮಾತ್ರ ನಂಬಬೇಕಾಗಿ ಬರುವ ವಿಚಿತ್ರ ಸನ್ನಿವೇಶ ಒದಗುತ್ತದೆ. ಅವನು ‘ಅದು ಬ್ಯಾಡ ಸಾರ್, ಸ್ಪೇರ್ ಸಿಗಲ್ಲ’ ಎಂದರೆ ಅದು ಸ್ವಹಿತಕ್ಕೆ ವಿರುದ್ಧವಾದ ಸಾಕ್ಷ್ಯವಾದ್ದರಿಂದ ನ್ಯಾಯಾಲಯದಲ್ಲೂ ನಿಲ್ಲತಕ್ಕದ್ದು.

ಹಳೆಯ ಕಾರಿನ ವಿಚಾರದಲ್ಲಿ ಮೀಮಾಂಸಕರ ಅರ್ಥಾಪತ್ತಿಯೇ ರಾಜಪ್ರಮಾಣ. ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದಾನೆಂದರೆ ಅವನು ರಾತ್ರಿ ಉಣ್ಣುತ್ತಾನೆಂದು ಒಪ್ಪಲೇಬೇಕು, ಇಲ್ಲದಿದ್ದರೆ ಎರಡು ಮಾತೂ ಹೊಂದುವುದಿಲ್ಲ ಎಂಬುದು ಅವರು ಕೊಡುವ ಪ್ರಸಿದ್ಧ ಉದಾಹರಣೆ. ಮೀಟರು 32,000 ಕಿಲೋಮೀಟರು ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರಿನ ಗೀರುಗಳು ನುಣ್ಣಗೆ ಮಾಸಿಹೋಗಿ, ಸ್ಟಿಯರಿಂಗು ಹತ್ತೂಹತ್ತರ ಜಾಗದಲ್ಲಿ ಹೊಳೆಯುತ್ತಿದ್ದು, ಚಾಲಕನ ಸೀಟಿನ ಬಲಅಂಚು ಕುಸಿದಿದ್ದರೆ, ಮೀಟರು ರಾತ್ರಿ ಹೊತ್ತು ಹಿಂದಕ್ಕೆ ಓಡಿದೆಯೆಂದು ಒಪ್ಪಲೇಬೇಕು. ಜಾಹೀರಾತಿನಲ್ಲಿ ‘ನಾಲ್ಕೂ ಟೈರ್ ಹೊಸದು’ ಎಂದಿರುವುದನ್ನು ಪಾಮರರು ಸದ್ಗುಣವೆಂದು ಓದುತ್ತಾರೆ. ಪಂಡಿತರು ಮೂವತ್ತು ಸಾವಿರಕ್ಕೇ ನಾಲ್ಕೂ ಟೈರು ಏಕೆ ಬದಲಾದವೆಂದು ಕೇಳುತ್ತಾರೆ. ಟೈರಿನ ಪಕ್ಕೆಯಲ್ಲಿ ಸಣ್ಣ ಚೌಕಟ್ಟಿನೊಳಗೆ ಒತ್ತಿರುವ ನಾಲ್ಕಂಕಿಯಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆಯಾದ್ದರಿಂದ, ಬಗ್ಗಿ ನೋಡುವಷ್ಟು ನಡುವಿನ ಶಕ್ತಿಯಿದ್ದವರಿಗೆ ಶಿಲಾಶಾಸನದ ಸಾಕ್ಷ್ಯವೂ ದೊರೆಯುತ್ತದೆ. ಇನ್ನು ಸರ್ವಿಸ್ ಪುಸ್ತಕ ಎಲ್ಲೋ ಕಳೆದಿದೆಯೆನ್ನುವುದು ಅನುಪಲಬ್ಧಿ. ಇಲ್ಲದಿರುವಿಕೆಯೂ ಒಂದು ಪ್ರಮಾಣವೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇಷ್ಟಾದ ಮೇಲೆ ಶಾಸ್ತ್ರದ ಬಹುದೊಡ್ಡ ವಿರೋಧಾಭಾಸವನ್ನು ಎದುರಿಸಬೇಕು. ಅದರ ಹೆಸರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾದ ಈ ಕಾರು ಮೇಲೆ ಹೇಳಿದ ಎಂಜಿನಿಯರಿಂಗ್ ಸೂತ್ರದ ಪ್ರಕಾರ ವಿಶ್ವಾಸಾರ್ಹವೆಂದು ಕರೆಸಿಕೊಳ್ಳುವುದು ಅನುಮಾನ. ಬೇಸಿಗೆಯಲ್ಲಿ ಏರು ಹತ್ತುವಾಗ ಎಂಜಿನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ, ಪಂಪು ಆವಿಯನ್ನು ಎಳೆಯಲಾರದೆ ಗಾಡಿ ನಿಂತುಬಿಡುವುದು ಆ ಕಾಲದ ಕಾರುಗಳ ನಿತ್ಯಕರ್ಮ. ಚಾಲಕನು ಇಳಿದು, ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬೀಡಿ ಹಚ್ಚಿಕೊಂಡು ಸ್ವಲ್ಪ ದೂರದಲ್ಲಿ ಕೂರುವುದು ಅದರ ಪ್ರಾಯಶ್ಚಿತ್ತ. ಹೀಗಿದ್ದೂ ಮಂತ್ರಿಗಳಿಂದ ಮದುವೆ ದಿಬ್ಬಣದವರೆಗೆ ಸಕಲರೂ ಈ ಕಾರನ್ನೇ ನಂಬಿದ್ದರು. ಬೇರೆ ಕಾರುಗಳ ಆಯ್ಕೆ ಹೆಚ್ಚಿರಲಿಲ್ಲವೆಂಬುದು ಒಂದು ಸಮಾಧಾನ. ಅದು ನಿಜವೂ ಹೌದು, 1983ರ ಡಿಸೆಂಬರಿನಲ್ಲಿ 796 ಸಿಸಿಯ ಮಾರುತಿ 800 ಬಂದ ಮೇಲೆ ಅಂಬಾಸಿಡರ್ ಮನೆಮನೆಗಳಿಂದ ಹಿಂದೆ ಸರಿದದ್ದೂ ನಿಜ. ಆದರೆ ಅಷ್ಟಕ್ಕೇ ನಿಲ್ಲುವುದು ಶಾಸ್ತ್ರಕ್ಕೆ ಶೋಭಿಸುವುದಿಲ್ಲ.

ಎಂಜಿನಿಯರುಗಳ ಬತ್ತಳಿಕೆಯಲ್ಲಿ ವಿಶ್ವಾಸಾರ್ಹತೆಯ ಜೊತೆಗೆ ಲಭ್ಯತೆ ಎಂಬ ಇನ್ನೊಂದು ಪರಿಭಾಷೆಯಿದೆ. ಎರಡು ಕೆಡುವಿಕೆಗಳ ನಡುವೆ ಸರಾಸರಿ ಎಷ್ಟು ಕಾಲ ಓಡುತ್ತದೆ ಎಂಬುದನ್ನು, ಆ ಕಾಲ ಮತ್ತು ದುರಸ್ತಿಗೆ ಹಿಡಿಯುವ ಸರಾಸರಿ ಕಾಲ ಇವೆರಡರ ಮೊತ್ತದಿಂದ ಭಾಗಿಸಿದರೆ ಬರುವುದೇ ಲಭ್ಯತೆ. ಅಂದರೆ ಬೇಕೆಂದಾಗ ಗಾಡಿ ಮನೆಮುಂದೆ ಓಡುವ ಸ್ಥಿತಿಯಲ್ಲಿರುವ ಸಂಭವ. ಎರಡು ಕಲ್ಪಿತ ಕಾರುಗಳನ್ನು ತೆಗೆದುಕೊಂಡರೆ ಮಾತು ತಿಳಿಯಾಗುತ್ತದೆ. ಒಂದು ಕಾರು ಎರಡು ತಿಂಗಳಿಗೊಮ್ಮೆ ಕೆಟ್ಟು, ಬೀದಿಯ ಕೊನೆಯ ಹೊಂಗೆಮರದಡಿ ಎರಡು ಗಂಟೆಯಲ್ಲಿ ರಿಪೇರಿಯಾಗುತ್ತದೆ; 1,440 ಗಂಟೆಯನ್ನು 1,442ರಿಂದ ಭಾಗಿಸಿದರೆ ಅದರ ಲಭ್ಯತೆ ನೂರಕ್ಕೆ 99.86. ಇನ್ನೊಂದು ಮೂರು ವರ್ಷಕ್ಕೊಮ್ಮೆ ಮಾತ್ರ ಕೆಡುತ್ತದೆ, ಆದರೆ ಕೆಟ್ಟಾಗ ಅದರ ಸೆನ್ಸಾರೊಂದು ಹಡಗಿನಲ್ಲಿ ಬರುವ ತನಕ ನಲವತ್ತು ದಿನ ವರ್ಕ್‌ಷಾಪಿನ ಮೂಲೆಯಲ್ಲಿ ಧೂಳು ಕುಡಿಯುತ್ತದೆ. 1,095 ದಿನವನ್ನು 1,135ರಿಂದ ಭಾಗಿಸಿದರೆ 96.5. ಆಗಾಗ ಕೆಡುವ ಕಾರೇ ಗೆದ್ದಿತು. ಅಂಬಾಸಿಡರನ್ನು ನಂಬಿದವರು ಈ ಭಾಗಾಕಾರವನ್ನು ಮಾಡಿರದಿದ್ದರೂ ಉತ್ತರ ಅವರಿಗೆ ಗೊತ್ತಿತ್ತು; ಅವರು ನಂಬಿದ್ದು ಕಾರನ್ನಲ್ಲ, ಊರೂರಿನ ಮೆಕ್ಯಾನಿಕ್ಕುಗಳನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೂ, ಅಲ್ಲೂ ಸಿಗದಿದ್ದರೆ ಶಿವಾಜಿನಗರದ ಗುಜರಿಯನ್ನೂ. ಆದರೆ ಈ ಗಣಿತದಲ್ಲೊಂದು ಕುರುಡುತನವಿದೆಯೆಂಬುದನ್ನು ಮರೆಮಾಚಬಾರದು. ಮನೆಮುಂದೆ ಕೆಡುವ ಎರಡು ಗಂಟೆಗೂ, ಶಿರಾಡಿ ಘಾಟಿಯ ತಿರುವಿನಲ್ಲಿ ಜುಲೈ ತಿಂಗಳ ರಾತ್ರಿ ಹನ್ನೊಂದಕ್ಕೆ ಮಕ್ಕಳೊಂದಿಗೆ ಕೆಟ್ಟು ನಿಲ್ಲುವ ಎರಡು ಗಂಟೆಗೂ ಭಾಗಾಕಾರ ವ್ಯತ್ಯಾಸ ಮಾಡುವುದಿಲ್ಲ, ಹೆಂಡತಿ ಮಾಡುತ್ತಾಳೆ.

ಲಭ್ಯತೆಯ ತತ್ತ್ವವನ್ನು ಒಪ್ಪಿದ ಕೂಡಲೇ ಇನ್ನೊಂದು ವಿಷಯವನ್ನೂ ಒಪ್ಪಬೇಕಾಗುತ್ತದೆ: ಕಾರಿನ ಬಾಳಿಕೆಯಲ್ಲಿ ಕಾರು ಮಾಡಿದವನ ಬಾಳಿಕೆಯೂ ಸೇರಿದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ಕೈಬಿಡುವುದಾಗಿ ಪ್ರಕಟಿಸಿತು. ಸರ್ವಿಸು, ಬಿಡಿಭಾಗಗಳು ಮುಂದುವರಿಯುತ್ತವೆಂದು ಇಬ್ಬರೂ ಹೇಳಿದರು. ರಸ್ತೆಯ ಮೇಲಿದ್ದ ಅವರ ಕಾರುಗಳಲ್ಲಿ ಆ ರಾತ್ರಿ ಒಂದು ಬೋಲ್ಟೂ ಸಡಿಲವಾಗಲಿಲ್ಲ. ಆದರೂ ಮರುದಿನ ಬೆಳಗ್ಗೆ ಅವುಗಳ ಮರುಮಾರಾಟದ ಬೆಲೆ ಕೇಳಿದವರಿಗೆ, ಲೋಹಕ್ಕೆ ತಟ್ಟದ ತುಕ್ಕು ಬ್ಯಾಡ್ಜಿಗೆ ತಟ್ಟಬಲ್ಲುದೆಂಬುದು ಮನವರಿಕೆಯಾಯಿತು.

ಇಲ್ಲಿ ಪೂರ್ವಪಕ್ಷದವರು ಇರ್ವ್ ಗೋರ್ಡನ್ ಅವರ ಹೆಸರನ್ನು ತಂದೇ ತರುತ್ತಾರೆ. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಈ ಶಾಲಾ ಮೇಷ್ಟರು 1966ರಲ್ಲಿ ಕೊಂಡ ಕೆಂಪು ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ ಮೂವತ್ತು ಲಕ್ಷ ಮೈಲಿ, ಎಂದರೆ ಸುಮಾರು 48 ಲಕ್ಷ ಕಿಲೋಮೀಟರು ಓಡಿಸಿ ಗಿನ್ನೆಸ್ ದಾಖಲೆಗೆ ಸೇರಿದರು. ಕಾರೆಂದರೆ ಹಾಗಿರಬೇಕೆಂಬುದು ಪೂರ್ವಪಕ್ಷ. ಅವರು ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತ, ಕೈಪಿಡಿಯನ್ನು ಓದಿ ಪಾಲಿಸುತ್ತ, ನಡುವೆ ಎಂಜಿನ್ನನ್ನೂ ಬಿಚ್ಚಿ ಕಟ್ಟಿಸಿಕೊಂಡವರಾದ್ದರಿಂದ, ಅಲ್ಲಿ ಬಾಳಿಕೆ ಬಂದದ್ದು ಮೇಷ್ಟರೆಂಬುದು ಸಿದ್ಧಾಂತ. ಕೈಪಿಡಿಯ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚದೆ ಗ್ಲವ್ ಬಾಕ್ಸಿನಲ್ಲಿ ಕುಂಕುಮದ ಪೊಟ್ಟಣದ ಕೆಳಗಿಡುವ ಸಂಪ್ರದಾಯದಲ್ಲಿ ಈ ದೃಷ್ಟಾಂತ ಅನ್ವಯಿಸದು.

ಮೊದಲೇ ಮುಂದೂಡಿದ್ದ ಅಧಿಕಾರಿಯ ಪ್ರಶ್ನೆಗೆ ಈಗ ಬರಬಹುದು. ಹೊಸ ಕಾರು ಕೊಳ್ಳುವ ಗೃಹಸ್ಥನು ‘ಗಾಡಿ ಇಪ್ಪತ್ತು ವರ್ಷ ಬರಬೇಕು’ ಎಂದು ಷೋರೂಮಿನಲ್ಲಿ ಗಟ್ಟಿಯಾಗಿ ಹೇಳುತ್ತಾನೆ. ಐದಾರನೆಯ ವರ್ಷ ಸನ್‌ರೂಫ್ ಇರುವ ಹೊಸ ಮಾದರಿ ಷಡ್ಡಕನ ಮನೆಮುಂದೆ ನಿಂತಾಗ ಮಾರಿಬಿಡುತ್ತಾನೆ. ಎರಡನೆಯ ಒಡೆಯನು ನಾಲ್ಕೈದು ವರ್ಷ ಇಟ್ಟುಕೊಂಡು ದಾಟಿಸುತ್ತಾನೆ. ತೊಟ್ಟಿರೇಖೆಯ ಬಲಗೋಡೆ ಏರುವ ಹೊತ್ತಿಗೆ ಗಾಡಿ ಮೂರನೆಯವನ ಕೈಯಲ್ಲಿರುತ್ತದೆ, ಅವನು ಹಾಸನದ ಆಚೆಯ ಹೋಬಳಿಯೊಂದರಲ್ಲಿ ಹಾಲಿನ ಕ್ಯಾನು, ಗೊಬ್ಬರದ ಚೀಲ, ಹೆರಿಗೆಯ ಹೆಂಗಸು ಎಲ್ಲವನ್ನೂ ಅದರಲ್ಲೇ ಸಾಗಿಸಬೇಕಾದವನು. ದೀರ್ಘಕಾಲದ ಬಾಳಿಕೆ ನಿಜಕ್ಕೂ ಬೇಕಾದದ್ದು ಅವನಿಗೆ. ಆದರೆ ಹದಿಮೂರು ವರ್ಷದ ಹಿಂದೆ ಆ ಕಾರು ಆಯ್ಕೆಯಾದಾಗ ಅವನನ್ನು ಯಾರೂ ಕೇಳಿರಲಿಲ್ಲ. ಬಾಳಿಕೆಯ ಬಗ್ಗೆ ಮಾತಾಡುವವನು ಒಬ್ಬ, ಅದನ್ನು ಉಣ್ಣುವವನು ಇನ್ನೊಬ್ಬ. ಆದ್ದರಿಂದ ಈ ಶಾಸ್ತ್ರಕ್ಕೆ ಅಧಿಕಾರಿಯು ಮೂರನೆಯ ಒಡೆಯನೇ, ಮೊದಲನೆಯವನು ಧರ್ಮದರ್ಶಿ ಮಾತ್ರ.

ಮೂರನೆಯವನಿಗೆ ಮತದಾನದ ಹಕ್ಕು ಪೂರ್ತಿ ಇಲ್ಲವೆಂದಲ್ಲ. ಮರುಮಾರಾಟದ ಬೆಲೆಯೆಂಬ ಚೀಟಿಯ ಮೂಲಕ ಅವನು ತಡವಾಗಿಯಾದರೂ ಮತ ಹಾಕುತ್ತಾನೆ. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸನ್ನು ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ 2005ರಲ್ಲಿ ನಿಲ್ಲಿಸಿದರೂ, ಹಳೆಯ ಕ್ವಾಲಿಸಿಗೆ ಬೆಲೆ ಕಟ್ಟುವಾಗ ದಲ್ಲಾಳಿಗಳು ಇಂದಿಗೂ ಧ್ವನಿ ತಗ್ಗಿಸುವುದು ಈ ಮತದಾನದ ಫಲ. ಆದರೆ ಮತಯಂತ್ರದಲ್ಲೊಂದು ದೋಷವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರ ಲೇಖನವೊಂದರಲ್ಲಿ ಅದನ್ನು ತೋರಿಸಿಕೊಟ್ಟರು. 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. ಹಳೆಯ ಕಾರಿನ ಗುಣಾವಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆ ಗಿಟ್ಟದೆ ಒಳ್ಳೆಯ ಕಾರಿನವರು ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾರೆ. ಉಳಿಯುವುದು ಕೆಟ್ಟವೇ ಹೆಚ್ಚು ಎಂಬುದು ಲೇಖನದ ಸಾರ. ಈ ದೋಷಕ್ಕೆ ನಮ್ಮ ಮಾರುಕಟ್ಟೆ ಕಂಡುಕೊಂಡ ಪರಿಹಾರವೆಂದರೆ ‘ಡಾಕ್ಟರ್ ಓಡಿಸಿದ ಗಾಡಿ’ ಎಂಬ ಒಕ್ಕಣೆ. ಹಾಗೆ ಮಾರಾಟಕ್ಕಿರುವ ಗಾಡಿಗಳನ್ನೆಲ್ಲ ನಿಜವಾಗಿ ಡಾಕ್ಟರುಗಳೇ ಓಡಿಸಿದ್ದರೆ, ರಾಜ್ಯದ ಆಸ್ಪತ್ರೆಗಳಲ್ಲಿ ಸರದಿ ಅಷ್ಟೊಂದು ಉದ್ದವಿರುವುದೇಕೆಂಬುದಕ್ಕೆ ಕಾರಣ ಸಿಕ್ಕಂತಾಗುತ್ತದೆ: ಅವರೆಲ್ಲ ರಸ್ತೆಯ ಮೇಲಿದ್ದಾರೆ.

ಹೀಗಾಗಿ ತೂಕದ ಪ್ರಶ್ನೆಗೆ ಉತ್ತರ ಕೊಳ್ಳುವವನ ಆಯುಸ್ಸನ್ನಲ್ಲ, ಅವನ ಚಾಪಲ್ಯವನ್ನು ಅವಲಂಬಿಸಿದೆ. ಐದು ವರ್ಷಕ್ಕೆ ಮಾರುವುದು ಖಚಿತವೆಂದು ತನ್ನ ಸ್ವಭಾವವನ್ನು ಬಲ್ಲವನು ಹತ್ತನೆಯ ವರ್ಷದ ಎಂಜಿನ್ನಿನ ಬಗ್ಗೆ ನಿದ್ದೆಗೆಡುವುದು ವ್ಯರ್ಥ. ಅವನಿಗೆ ಬೇಕಾದದ್ದು ಬಾಳಿಕೆಯಲ್ಲ, ಬಾಳಿಕೆಯ ಖ್ಯಾತಿ, ಅದು ಮಾರುವ ದಿನ ಹಣವಾಗಿ ಬರುತ್ತದೆ. ಗಾಡಿಯ ಪ್ರಾಣ ಹೋಗುವ ತನಕ ಇಟ್ಟುಕೊಳ್ಳುವವನು ಮಾತ್ರ ಬಾಳಿಕೆಗೆ ಸಿಂಹಪಾಲು ಕೊಡಬೇಕು, ಅದರಲ್ಲೂ ಊರಲ್ಲಿ ಯಾವ ಗಾಡಿಯ ಬಿಡಿಭಾಗ ಸಿಗುತ್ತದೋ ಅದಕ್ಕೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವನು ಮಾದರಿಯನ್ನು ವಿಚಾರಿಸುವುದಕ್ಕಿಂತ ಹಿಂದಿನ ಒಡೆಯನ ಜಾಯಮಾನವನ್ನು ವಿಚಾರಿಸುವುದು ಲೇಸು. ಮನೆಯಂಗಳದ ನಲ್ಲಿ ತೊಟ್ಟಿಕ್ಕುವುದನ್ನು ವರ್ಷಗಟ್ಟಲೆ ಸಹಿಸಿಕೊಂಡವನು ಟೈಮಿಂಗ್ ಬೆಲ್ಟನ್ನು ಹೊತ್ತಿಗೆ ಬದಲಿಸಿರುವ ಸಂಭವ ಕಡಿಮೆ. ವಿದ್ಯುತ್ ಕಾರುಗಳ ಬಗ್ಗೆ ಈ ಪ್ರಬಂಧ ಹೆಚ್ಚು ಹೇಳುವುದಿಲ್ಲ; ಎಂಟು ವರ್ಷದ ಬ್ಯಾಟರಿ ವಾರಂಟಿ ಸಾಮಾನ್ಯವಾಗಿರುವ ಆ ಲೋಕದಲ್ಲಿ ಎತ್ತಿ ನೋಡಲು ಆಯಿಲಿನ ಮುಚ್ಚಳವೇ ಇಲ್ಲದಿರುವುದರಿಂದ ಹೊಂಗೆಮರದಡಿಯ ತರ್ಕಶಾಸ್ತ್ರ ಹೊಸ ಸೂತ್ರಗಳಿಗಾಗಿ ಕಾಯುತ್ತಿದೆ.

ಯಾವ ಸೂತ್ರಕ್ಕೂ ಸಿಗದ ಒಂದು ಅಪವಾದ ಉಳಿದಿದೆ, ಅದು ಇಲಿ. ಮಳೆಗಾಲದ ರಾತ್ರಿ ಬಿಸಿ ಆರದ ಬಾನೆಟ್ಟಿನೊಳಗೆ ಬೆಚ್ಚಗೆ ಕೂತು ವೈರಿನ ಹೊದಿಕೆ ಕಡಿಯುವ ಈ ಜೀವಿಗೆ ಜಪಾನಿನ ಗುಣಮಟ್ಟವೂ ಜರ್ಮನಿಯ ನಿಖರತೆಯೂ ಒಂದೇ. ಎಂಜಿನ್ ಬದಿಗೆ ಹೊಗೆಸೊಪ್ಪಿನ ಕಟ್ಟು ಕಟ್ಟಬೇಕೆಂಬುದು ಒಂದು ಶಾಖೆಯ ಮತ, ನುಸಿಗುಳಿಗೆ ಇಡಬೇಕೆಂಬುದು ಇನ್ನೊಂದರದು. ಡ್ಯಾಶ್‌ಬೋರ್ಡಿನ ಮೇಲೆ ಗಣಪತಿಯನ್ನು ಅಂಟಿಸಿಕೊಂಡು ಬಾನೆಟ್ಟಿನೊಳಗೆ ಅವನ ವಾಹನಕ್ಕೆ ನಿಷೇಧ ಹೇರುವುದು ಎಷ್ಟರ ಮಟ್ಟಿಗೆ ಸರಿಯೆಂಬ ಧರ್ಮಸೂಕ್ಷ್ಮವನ್ನು ಎರಡು ಶಾಖೆಗಳೂ ಎತ್ತಿಕೊಂಡಿಲ್ಲ.

ಕೊನೆಯದಾಗಿ, ಆಯ್ಕೆಯ ಕ್ಷಣದಲ್ಲಿ ಈ ಎಲ್ಲ ವಿಚಾರ ಏನಾಗುತ್ತದೆಂಬುದನ್ನು ದಾಖಲಿಸಬೇಕು. ಗೃಹಸ್ಥನು ಆರು ತಿಂಗಳು ತೂಗಿ, ಮೆಕ್ಯಾನಿಕ್ಕನ್ನು ಕೇಳಿ, ಮಗಳ ಕೈಯಲ್ಲಿ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಸಿ, ಬಾಳಿಕೆಯಲ್ಲಿ ಮೇಲೆಂದು ಸಿದ್ಧವಾದ ಕಾರನ್ನು ಬುಕ್ ಮಾಡಲು ಹೋದಾಗ, ಷೋರೂಮಿನ ಹುಡುಗ ಕಂಪ್ಯೂಟರ್ ನೋಡಿ ‘ಅದಕ್ಕೆ ಮೂರು ತಿಂಗಳು ವೇಟಿಂಗ್ ಸಾರ್, ಇದಾದ್ರೆ ಬಿಳೀದು ರೆಡಿ ಇದೆ, ಹಬ್ಬಕ್ಕೇ ಡೆಲಿವರಿ’ ಎನ್ನುತ್ತಾನೆ. ಆಯುಧಪೂಜೆಗೆ ಮನೆಮುಂದೆ ಹೊಸ ಗಾಡಿ ನಿಲ್ಲುವುದೋ ಹದಿನೈದು ವರ್ಷದ ಗೇರ್‌ಬಾಕ್ಸೋ ಎಂಬ ಈ ಸಂದಿಗ್ಧದಲ್ಲಿ ಯಾವುದು ಗೆಲ್ಲುತ್ತದೆಂಬುದಕ್ಕೆ ಪ್ರಮಾಣ ಬೇಕಿಲ್ಲ. ಹಬ್ಬದ ಬೆಳಗ್ಗೆ ಎರಡು ಬದಿಗೆ ಬಾಳೆಕಂದು ಕಟ್ಟಿ, ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟು ಗಾಡಿ ಮುಂದೆ ಸರಿಸಿ, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ರಸ್ತೆಗೆ ಅಪ್ಪಳಿಸಲಾಗುತ್ತದೆ. ಆ ಹೋಳುಗಳ ಮೇಲೆ ಸಂಜೆ ಜಾರಿಬೀಳುವ ಸ್ಕೂಟರುಗಳ ಬಾಳಿಕೆಯು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಒಳಪಡುವುದಿಲ್ಲ.